ಸೆಮಿನಾರ್ ಸರ್ಟಿಫಿಕೇಟ್ ಇಲ್ಲದಿದ್ದರೂ ಪಿಎಚ್‌ಡಿಗೆ ಅರ್ಜಿ ಹಾಕಬಹುದು

ಧಾರವಾಡದ ಎಂಎ, ಎಂಎಸ್ಸಿ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: ‘ದುಡ್ಡು ಕಟ್ಟಿ ಮೂರು ದಿನದ ಸಂಶೋಧನಾ ತರಬೇತಿ ಸೆಮಿನಾರ್ ಮುಗಿಸಿದವರಿಗೆ ಮಾತ್ರ ಪಿಎಚ್‌ಡಿ ಸೀಟು, ಜೆಆರ್‌ಎಫ್ (ಸಂಶೋಧನೆ ಮಾಡುವವರಿಗೆ ಸಿಗುವ ಫೆಲೋಶಿಪ್).’ ಇದು ತಪ್ಪು.

ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2022ರ ಪಿಎಚ್‌ಡಿ ನಿಯಮದಲ್ಲಿ ಇಂಥ ಷರತ್ತೇ ಇಲ್ಲ. ಪಿಜಿ ಮುಗಿಸಿದವರಿಗೆ ಶೇ 55 ಅಂಕ ಬೇಕು; ಮೀಸಲಾತಿ ಇರುವವರಿಗೆ ಶೇ 5 ರಿಯಾಯಿತಿ ಇದೆ. ಆಮೇಲೆ ನೆಟ್ (ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ) ಅಥವಾ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ, ಸಂದರ್ಶನ. ಪಿಜಿ ಕೊನೆಯ ವರ್ಷದಲ್ಲಿ ಇರುವವರೂ ನೆಟ್ ಬರೆಯಬಹುದು. 2024ರಿಂದ ಆ ಅಂಕ ಪಿಎಚ್‌ಡಿ ಪ್ರವೇಶಕ್ಕೂ ನಡೆಯುತ್ತದೆ. ನೆಟ್‌ನಲ್ಲಿ ಜೆಆರ್‌ಎಫ್ ಸಿಕ್ಕರೆ, ಪಿಎಚ್‌ಡಿಗೆ ಸೇರಿದ ಮೇಲೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಬರುತ್ತದೆ. ಇದಕ್ಕೆ ಯಾವ ಸೆಮಿನಾರಿನ ಸರ್ಟಿಫಿಕೇಟೂ ಬೇಡ.

ಮೊನ್ನೆ ಸಪ್ತಾಪುರದ ಚಹಾದಂಗಡಿಯಲ್ಲಿ ಹಾವೇರಿ ಕಡೆಯ ಹುಡುಗಿಯೊಬ್ಬಳು ಮಡಚಿಟ್ಟ ನೂರರ ನೋಟು ಎಣಿಸುತ್ತಿದ್ದಳು. ಮೆಸ್ಸಿನ ದುಡ್ಡು. ಈ ಸೆಮಿನಾರಿಗೇ ಕಟ್ಟಲು ಹೊರಟಿದ್ದಳಂತೆ. ಕೇಳಿ ಕರುಳು ಚುರ್ ಎಂದಿತು.

ಹಾಗಂತ ಸೆಮಿನಾರೇ ಬೇಡ ಅಂತಲ್ಲ. ನಾಲ್ಕು ಜನರ ಮುಂದೆ ಪ್ರಬಂಧ ಓದಿ, ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ಧೈರ್ಯ ಜಾಸ್ತಿಯಾಗುತ್ತದೆ. ಆದರೆ ಮೊದಲು ನಿಮ್ಮ ವಿಭಾಗದ ಸರ್ ಅಥವಾ ಮೇಡಂ ಅವರನ್ನು ಕೇಳಿ. ಗುಂಪಿಗೆ ಬಂದ ಲಿಂಕ್ ನಂಬಿ ಸುಮ್ನೆ ದುಡ್ಡು ಹಾಕಬೇಡಿ.