ಪಾರ್ಕಿನ ಟೆನಿಸ್ ಕೋರ್ಟ್ ಪುಕ್ಕಟೆಯೇ ಇರಬೇಕೇ?

ಪರ

ದಾವಣಗೆರೆಯಲ್ಲಿ ಟೆನಿಸ್ ಬಾಲ್ ಗೊತ್ತಿಲ್ಲದ ಹುಡುಗನಿಲ್ಲ, ಟೆನಿಸ್ ಆಡಿದವರು ಮಾತ್ರ ಕಮ್ಮಿ. ಆ ಚೆಂಡು ನಮಗೆ ಸಿಕ್ಕಿದ್ದೇ ಓಣಿ ಕ್ರಿಕೆಟ್ಟಿಗೆ. ಒಂದು ಬ್ಯಾಟಿದ್ದರೆ ಇಡೀ ಓಣಿ ಆಡುತ್ತದೆ. ಟೆನಿಸ್ಸಿಗಾದರೆ ರ‍್ಯಾಕೆಟ್ಟು, ನೆಟ್ಟು, ಸಮತಟ್ಟು ನೆಲ ಎಲ್ಲವೂ ಬೇಕು. ಅದಕ್ಕೇ ಅದು ಕ್ಲಬ್ಬಿನವರ ಆಟವಾಗಿ ಉಳಿಯಿತು.

ನಾನು ಕಲಿತದ್ದು ನಲವತ್ತು ದಾಟಿದ ಮೇಲೆ, ನಮ್ಮ ಬಡಾವಣೆಯ ಪಾರ್ಕಿನಲ್ಲಿ. ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಅವರಿಗೆ 43. ಮನೆಯಲ್ಲಿ ಅದನ್ನೇ ಹೇಳಿ ಶೂ ತಗೊಂಡೆ. ಮೊದಲ ತಿಂಗಳು ನನ್ನ ಸರ್ವಿಸ್ ನೆಟ್ ದಾಟಿದ್ದಕ್ಕಿಂತ ಬೇಲಿ ದಾಟಿದ್ದೇ ಹೆಚ್ಚು. ದುಡ್ಡು ಕೊಟ್ಟು ಆ ಅವಮಾನ ಯಾರು ಕೊಳ್ಳುತ್ತಾರೆ?

ಒಂದು ಸಂಜೆ, ಜಾಲರಿಗೆ ಮೂಗು ಒತ್ತಿ ನಿಂತಿದ್ದ ಮಂಡಕ್ಕಿ ಗಾಡಿಯವರ ಮಗಳ ಕೈಗೆ ರ‍್ಯಾಕೆಟ್ ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದು, ಬಟ್ಟೆ ಒಗೆದ ಹಾಗೆ ಬೀಸಿದಳು. ಚೆಂಡು ಸೀದಾ ನನ್ನ ಎಡಗಡೆ ಮೂಲೆಗೆ! ಗೇಟಿನಲ್ಲಿ ರಸೀದಿ ಪುಸ್ತಕ ಹಿಡಿದವನಿದ್ದರೆ ಅವಳು ಒಳಗೇ ಬರುತ್ತಿರಲಿಲ್ಲ.

ಶುಲ್ಕ ಇಡಬೇಕು ಅನ್ನುವವರು ಗಂಟೆಗೆ ಇಪ್ಪತ್ತೇ ರೂಪಾಯಿ ತಾನೇ ಅನ್ನುತ್ತಾರೆ. ಅದನ್ನು ವಸೂಲಿ ಮಾಡಲು ಆಳು, ಆಳಿಗೆ ಟೆಂಡರ್, ಟೆಂಡರ್ ಹಿಡಿದವನಿಗೆ ಲಾಭ. ವರ್ಷ ತುಂಬುವಷ್ಟರಲ್ಲಿ ‘ಸದಸ್ಯರಿಗೆ ಮಾತ್ರ’ ಬೋರ್ಡು.

ವಿರೋಧ

ಪುಕ್ಕಟೆ ಅಂದರೆ ಎಲ್ಲರದೂ ಅಂತ ತಿಳಿದವರು ಬೆಳಿಗ್ಗೆ ಐದೂವರೆಗೆ ಹೋಗಿ ನೋಡಲಿ. ಅದೇ ನಾಲ್ವರು ಹಿರಿಯರು, ಅದೇ ಎರಡು ಕಾರು. ಎಂಟರವರೆಗೂ ಡಬಲ್ಸ್. “ಇದೊಂದು ಸೆಟ್ ಮುಗೀಲಿ, ತಡೀರಿ” ಅನ್ನೋದನ್ನು ಆರು ತಿಂಗಳಿಂದ ಕೇಳುತ್ತಿದ್ದೇನೆ. ಅವರು ಬೆಣ್ಣೆ ದೋಸೆಗೆ ಹೊರಡುತ್ತಾರೆ, ನಾನು ಬೆವರದ ಅಂಗಿಯಲ್ಲಿ ಆಫೀಸಿಗೆ.

ಜಾಗದ ಲೆಕ್ಕ ಹಾಕಿ. ಗೆರೆಯ ಒಳಗೆ 78 ಅಡಿ ಉದ್ದ, 36 ಅಡಿ ಅಗಲ. ಸುತ್ತ ಓಡಲು ಬಿಡುವ ಜಾಗ ಸೇರಿದರೆ 120 ಅಡಿಗೆ 60. ಅಂದರೆ 7,200 ಚದರಡಿ, ನಮ್ಮ ಭಾಷೆಯಲ್ಲಿ ಆರು 30×40 ಸೈಟು. ಆರು ಸೈಟನ್ನು ನಾಲ್ಕು ಜನಕ್ಕೆ ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟ ಹಾಗಾಯಿತು.

ಇನ್ನು ಅದರ ಸ್ಥಿತಿ. ನಡುವೆ ಮೂರು ಅಡಿ ಎತ್ತರ ಇರಬೇಕಾದ ನೆಟ್ಟು ಮೊಣಕಾಲಿಗೆ ಜೋತುಬಿದ್ದಿದೆ. ಹರಿದಲ್ಲಿ ಯಾರೋ ಬಟ್ಟೆ ಒಣಹಾಕುವ ನೈಲಾನ್ ಹಗ್ಗ ಹೆಣೆದಿದ್ದಾರೆ. ಗಣೇಶನ ಹಬ್ಬಕ್ಕೆ ಶಾಮಿಯಾನದ ಗೂಟ ಹೊಡೆದ ಎರಡು ಗುಂಡಿ ಬೇಸ್‌ಲೈನ್ ಮೇಲೇ ಇವೆ. ಚೆಂಡು ಅದರಲ್ಲಿ ಬಿದ್ದರೆ ಪಾಯಿಂಟ್ ಯಾರಿಗೆ ಅನ್ನುವುದಕ್ಕೆ ನಾವೇ ಒಂದು ಕಾನೂನು ಮಾಡಿಕೊಂಡಿದ್ದೇವೆ. ಮುಚ್ಚಿಸಲು ಮಾತ್ರ ಯಾರ ಹತ್ತಿರವೂ ದುಡ್ಡಿಲ್ಲ.

ಶುಲ್ಕ ಇಟ್ಟರೆ ಬಡಮಕ್ಕಳು ಹೊರಗುಳಿಯುತ್ತಾರೆ ಎಂಬ ಮಾತಿದೆ. ಪುಕ್ಕಟೆ ಇರುವಾಗಲೂ ಅವರು ಜಾಲರಿಯ ಆಚೆಯೇ ನಿಂತಿದ್ದಾರಲ್ಲ, ಯಾರಾದರೂ ಮನಸ್ಸು ಮಾಡಿ ರ‍್ಯಾಕೆಟ್ ಕೊಡುವವರೆಗೆ! ಸಂಜೆ ನಾಲ್ಕರಿಂದ ಆರು ಮಕ್ಕಳಿಗೇ ಬಿಡಲಿ, ಕಾಸು ಬೇಡ. ದೊಡ್ಡವರು ಗಂಟೆಗೆ 20 ರೂಪಾಯಿ ಕೊಡಲಿ, ಗಂಟೆಯಾದ ಮೇಲೆ ಜಾಗ ಬಿಡಲಿ. ಇದಕ್ಕೆ ಟೆಂಡರ್ ಏಕೆ? ಗೇಟಿಗೆ ಒಂದು ಡಬ್ಬಿ, ಹೆಸರು ಬರೆಯಲು ಒಂದು ನೋಟ್‌ಬುಕ್ ಸಾಕು. ಪೆನ್ನಿಗೆ ದಾರ ಕಟ್ಟಬೇಕಾಗುತ್ತದೆ, ಅಷ್ಟೇ.