ಸ್ಪಷ್ಟನೆ: ಮೂನ್‌ಲೈಟ್ ಸೊನಾಟಾ ಮತ್ತು ಕುರುಡು ಹುಡುಗಿಯ ಕಥೆ

ಮೊನ್ನೆ ನಾನೇ ಒಂದು ಮೆಸೇಜ್ ಕಳಿಸಿದ್ದೆ. ಕುರುಡು ಹುಡುಗಿಯೊಬ್ಬಳು ಬೆಳದಿಂಗಳು ನೋಡಬೇಕು ಅಂದಳಂತೆ, ಅವಳಿಗಾಗಿ ಜರ್ಮನ್ ಸಂಗೀತಕಾರ ಬೀಥೋವನ್ ಅಲ್ಲೇ ಕೂತು ಮೂನ್‌ಲೈಟ್ (ಬೆಳದಿಂಗಳ) ಸೊನಾಟಾ ಎಂಬ ಮೂರು ಭಾಗಗಳ ಪಿಯಾನೋ ಕೃತಿ ನುಡಿಸಿದನಂತೆ. ಓದಿ ಕಣ್ಣು ಒದ್ದೆಯಾಗಿತ್ತು, ಹಾಗಾಗಿ ಹಿಂದೆಮುಂದೆ ನೋಡದೆ ಫಾರ್ವರ್ಡ್ ಮಾಡಿಬಿಟ್ಟೆ. ಅದು ತಪ್ಪು. ಈ ಕಥೆಗೆ ಆಧಾರವಿಲ್ಲ, ಆಮೇಲೆ ಯಾರೋ ಕಟ್ಟಿದ್ದು.

ಬೀಥೋವನ್ ಇದನ್ನು ಬರೆದದ್ದು 1801ರಲ್ಲಿ. 1802ರಲ್ಲಿ ವಿಯೆನ್ನಾದಲ್ಲಿ ಅಚ್ಚಾಯಿತು. ಮುಖಪುಟದಲ್ಲಿ ಬೆಳದಿಂಗಳ ಮಾತೇ ಇಲ್ಲ. ಅವನು ಕೊಟ್ಟ ಹೆಸರಿನ ಅರ್ಥ 'ಫ್ಯಾಂಟಸಿಯಂಥ ಸೊನಾಟಾ' ಅಂತ, ಅಷ್ಟೇ. ಅರ್ಪಣೆ ಮಾಡಿದ್ದು ತನ್ನ ಶಿಷ್ಯೆ ಜೂಲಿಯೆಟ್ಟಾ ಗ್ವಿಚಾರ್ಡಿಗೆ. ಆಕೆಗೆ ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು!

ಹಾಗಾದರೆ ಬೆಳದಿಂಗಳು ಎಲ್ಲಿಂದ ಬಂತು? ಬೀಥೋವನ್ ತೀರಿಕೊಂಡದ್ದು 1827ರಲ್ಲಿ. ಅದಾದ ಮೇಲೆ ಈ ಹೆಸರು ಬಳಕೆಗೆ ಬಂತು. ಲುಡ್ವಿಗ್ ರೆಲ್‌ಸ್ಟಾಬ್ ಎಂಬ ಜರ್ಮನ್ ವಿಮರ್ಶಕ ಮೊದಲ ಭಾಗವನ್ನು ಸರೋವರದ ಮೇಲಿನ ಬೆಳದಿಂಗಳಿಗೆ ಹೋಲಿಸಿದ್ದ, ಅದೇ ಅಂಟಿಕೊಂಡಿತು. ಮೂರನೇ ಭಾಗ ಕೇಳಿ ನೋಡಿ, ಅದು ಬೆಳದಿಂಗಳಲ್ಲ, ಬಿರುಗಾಳಿ.

ಇನ್ನೊಂದು ಮಾತು. ಇದನ್ನು ಬರೆಯುವಾಗ ಬೀಥೋವನ್ ಪೂರ್ತಿ ಕಿವುಡನಾಗಿದ್ದ ಅನ್ನುವುದೂ ಸರಿಯಲ್ಲ. ಕಿವಿ ಮಂದವಾಗುತ್ತಿದೆ ಅಂತ 1801ರಲ್ಲಿ ಗೆಳೆಯ ವೇಗೆಲರ್‌ಗೆ ಕಾಗದ ಬರೆದಿದ್ದ.

ನನ್ನ ಆ ಮೆಸೇಜ್ ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಕಳಿಸಿಯಾಗಿದ್ದರೆ ಅದರ ಕೆಳಗೆ ಇದನ್ನೂ ಹಾಕಿ.