ರೂಟರ್ ಬದಲಿಸುವ ಮುಂಚೆ ಸ್ವಿಚ್ ನೋಡಿ

ಮೊಬೈಲಿನಿಂದ ಆನ್-ಆಫ್ ಮಾಡುವ ಸ್ಮಾರ್ಟ್ ಸ್ವಿಚ್ ತಾನಾಗೇ ಆಫ್ ಆದರೆ ವೈಫೈ ಸರಿಯಿಲ್ಲ, ರೂಟರ್ ಬದಲಿಸಿ ಎಂದು ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ವೈಫೈ ಹೋದರೆ ಮೊಬೈಲಿನಿಂದ ಸ್ವಿಚ್ ಸಿಗುವುದಿಲ್ಲ, ಅಷ್ಟೇ. ಒಳಗಿನ ರಿಲೇ (ಕರೆಂಟನ್ನು ಜೋಡಿಸುವ, ಕಡಿಯುವ ಭಾಗ) ಸಾಮಾನ್ಯವಾಗಿ ಇದ್ದ ಹಾಗೇ ಇರುತ್ತದೆ, ಲೈಟು ಉರಿಯುತ್ತಲೇ ಇರುತ್ತದೆ.

ನಮ್ಮ ಮನೆಯಲ್ಲೂ ರೂಮಿನ ಲೈಟು ಹೀಗೇ ಆಗಾಗ ಆರುತ್ತಿತ್ತು. ಒಂದು ರಾತ್ರಿ ಪಕ್ಕದಲ್ಲೇ ಕೂತು ನೋಡಿದೆ. ‘ಟಿಕ್’ ಎಂದು ಸದ್ದಾಯಿತು, ಲೈಟು ಹೋಯಿತು, ಸ್ವಿಚ್ಚಿನ ಪುಟ್ಟ ನೀಲಿ ದೀಪ ಮಿಣಮಿಣ ಎಂದಿತು. ಸ್ವಿಚ್ಚೇ ರೀಸ್ಟಾರ್ಟ್ ಆಗುತ್ತಿತ್ತು! ಅದು ನ್ಯೂಟ್ರಲ್ ವೈರ್ (ಕರೆಂಟು ವಾಪಸ್ ಹೋಗುವ ತಂತಿ) ಇಲ್ಲದ ಸ್ವಿಚ್. ಬಲ್ಬಿನ ಮೂಲಕ ಹರಿಯುವ ಚೂರು ಕರೆಂಟಿನಲ್ಲೇ ಅದು ಕೆಲಸ ಮಾಡಬೇಕು. ನಾನು ಹಾಕಿದ್ದು 3 ವ್ಯಾಟಿನ ಎಲ್‌ಇಡಿ, ಅದು ಸಾಲುತ್ತಿರಲಿಲ್ಲ. ಎಲೆಕ್ಟ್ರಿಷಿಯನ್ ಬಂದು ಬಲ್ಬಿಗೆ ಬೈಪಾಸ್ ಕೆಪಾಸಿಟರ್ (ಆ ಚೂರು ಕರೆಂಟಿಗೆ ಬಲ್ಬಿನ ಪಕ್ಕದಿಂದ ದಾರಿ ಕೊಡುವ ಪುಟ್ಟ ಭಾಗ) ಹಾಕಿದ ಮೇಲೆ ಕಾಟ ನಿಂತಿತು.

ಆಪ್‌ನ ಹಿಸ್ಟರಿ (ಸ್ವಿಚ್ ಯಾವಾಗ ಆನ್, ಆಫ್ ಆಯಿತೆಂಬ ದಾಖಲೆ) ನೋಡಿ ಎಂದು ನೀವು ಹೇಳಲೇ ಇಲ್ಲ. ಮೊದಲು ಮಾಡಬೇಕಾದ್ದು ಅದೇ ಅಲ್ವಾ? ದಿನಾ ಒಂದೇ ಹೊತ್ತಿಗೆ ಆಫ್ ಆಗುತ್ತಿದ್ದರೆ ಯಾವುದೋ ಹಳೇ ಟೈಮರ್ ಉಳಿದಿರುವ ಸಾಧ್ಯತೆ ಜಾಸ್ತಿ. ಆಫ್ ಮಾಡಿದ ದಾಖಲೆಯೇ ಇಲ್ಲದೆ ಲೈಟು ಆರಿದ್ದರೆ ವೈರಿಂಗ್ ತೋರಿಸಿ. ಸುಮ್ನೆ ರೂಟರಿಗೆ ದುಡ್ಡು ಸುರಿಯಬೇಡಿ.